ಕಾಳು ಹೆಚ್ಚಾದರೆ ರಸಮೇವೂ ಹೆಚ್ಚಾಗುವುದೇ?

2025ರ ಕೊನೆಯ ತಿಂಗಳುಗಳಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ಮೆಕ್ಕೆಜೋಳದ ಧಾರಣೆ ಕುಸಿದು ರೈತರು ಬೀದಿಗಿಳಿದದ್ದು ಸುದ್ದಿಯಾಗಿತ್ತು. ಕೇಂದ್ರ ಸರ್ಕಾರ 2025-26ನೇ ಸಾಲಿಗೆ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ವ್ಯಾಪಾರ ಅದಕ್ಕಿಂತ ಬಹಳ ಕೆಳಗೆ ನಡೆಯಿತು. ಇಂತಹ ವರ್ಷಗಳಲ್ಲಿ ದಾವಣಗೆರೆ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗ ಜಿಲ್ಲೆಗಳ ಬೆಳೆಗಾರರ ಮುಂದೆ ಎರಡು ದಾರಿಗಳಿವೆ. ತೆನೆ ಒಣಗುವವರೆಗೆ ಕಾದು ಕಾಳು ಮಾರುವುದು ಒಂದು. ಗಿಡ ಇನ್ನೂ ಹಸಿರಾಗಿರುವಾಗಲೇ ದಂಟು, ಎಲೆ, ತೆನೆ ಸಮೇತ ಕೊಯ್ದು ಹೈನುರಾಸುಗಳಿಗೆ ರಸಮೇವು ಮಾಡುವುದು ಇನ್ನೊಂದು. ಈ ಎರಡನೆಯ ದಾರಿ ನಗರವಾಸಿಗಳ ಹಾಲಿನ ಪೊಟ್ಟಣಕ್ಕೂ ಬಂದು ಸೇರುತ್ತದೆ. ಹಾಲು ಉತ್ಪಾದನೆಯ ವೆಚ್ಚದಲ್ಲಿ ಮೇವು ಮತ್ತು ಪಶು ಆಹಾರದ್ದೇ ದೊಡ್ಡ ಪಾಲು.

ಹಾಗಾದರೆ ಹೆಚ್ಚು ಕಾಳು ಕೊಡುವ ಮೆಕ್ಕೆಜೋಳವೇ ಹೆಚ್ಚು ಮತ್ತು ಉತ್ತಮ ರಸಮೇವನ್ನೂ ಕೊಡುತ್ತದೆಯೇ? ಬಹುಕಾಲ ಇದಕ್ಕೆ ಹೌದು ಎಂಬುದೇ ಉತ್ತರವಾಗಿತ್ತು. ಆದರೆ ಅದು ಅರ್ಧ ಸತ್ಯ ಮಾತ್ರ.

ಗಿಡದಲ್ಲಿ ಕಾಳಿನ ಪಾಲು

ರಸಮೇವು, ಅಂದರೆ ಸೈಲೇಜ್, ಒಂದು ಬಗೆಯ ಉಪ್ಪಿನಕಾಯಿಯೇ ಸರಿ. ಹಸಿ ಗಿಡವನ್ನು ಸಣ್ಣಗೆ ಕತ್ತರಿಸಿ, ಗುಂಡಿಯಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಗಾಳಿಯಾಡದಂತೆ ಒತ್ತಿ ತುಂಬಿದರೆ, ಸೂಕ್ಷ್ಮಜೀವಿಗಳು ಗಿಡದ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಹುಳಿಯೇ ಮೇವನ್ನು ತಿಂಗಳುಗಟ್ಟಲೆ ಕೆಡದಂತೆ ಕಾಯುತ್ತದೆ.

ಚೆನ್ನಾಗಿ ತೆನೆ ಕಟ್ಟಿದ ಗಿಡವನ್ನು ರಸಮೇವಿನ ಹದದಲ್ಲಿ ಕೊಯ್ದಾಗ ಅದರ ತೂಕದ ಸುಮಾರು ಮೂರನೇ ಎರಡು ಭಾಗ ಬರೀ ನೀರು. ನೀರನ್ನು ಕಳೆದು ಉಳಿಯುವ ಶುಷ್ಕಾಂಶದಲ್ಲಿ ಕಾಳಿನ ಪಾಲು ಹೆಚ್ಚುಕಡಿಮೆ ಅರ್ಧದಷ್ಟಿರುತ್ತದೆ. ಒಂದು ಟನ್ ರಸಮೇವಿನಲ್ಲಿ 350 ಕಿಲೋ ಶುಷ್ಕಾಂಶವಿದ್ದರೆ ಅದರಲ್ಲಿ ಸುಮಾರು 175 ಕಿಲೋ ಕಾಳಿನದು. ಮಾರುಕಟ್ಟೆಯ ತೇವಾಂಶದ ಲೆಕ್ಕಕ್ಕೆ ತಂದರೆ ಅದು ಸರಿಸುಮಾರು 200 ಕಿಲೋ ಕಾಳು. ಅಂದರೆ ಎಕರೆಗೆ 20 ಕ್ವಿಂಟಲ್ ಕಾಳು ಕೊಡಬಲ್ಲ ಬೆಳೆಯಿಂದ ಸುಮಾರು 10 ಟನ್ ರಸಮೇವು ನಿರೀಕ್ಷಿಸಬಹುದು.

ಕಾಳಿನ ಇಳುವರಿ ರಸಮೇವಿನ ಇಳುವರಿಗೆ ಒಳ್ಳೆಯ ಸೂಚಕವೆನ್ನಲು ಕಾರಣ ಇದೇ. ಆದರೆ ಈ ನಂಟು ಬಿಗಿಯಾದುದಲ್ಲ. ಗಿಡ್ಡ ಕಾಂಡದ ಸಂಕರಣ ತಳಿಯೊಂದು ಕಾಳಿನಲ್ಲಿ ಮುಂದಿದ್ದು ಒಟ್ಟು ಮೇವಿನಲ್ಲಿ ಹಿಂದುಳಿಯಬಹುದು. ಮೇವಿಗೆಂದೇ ಬೆಳೆಯುವ ಆಫ್ರಿಕನ್ ಟಾಲ್ ತಳಿ ಆಳೆತ್ತರ ಮೀರಿ ಬೆಳೆದು ಹಸಿರನ್ನು ರಾಶಿ ಹಾಕಿದರೂ ಅದರಲ್ಲಿ ಕಾಳಿನ ಪ್ರಮಾಣ ಕಡಿಮೆ. ಅಗತ್ಯಗಳೂ ಬೇರೆ ಬೇರೆ. ಕಾಳಿನ ಬೆಳೆಗೆ ತೆನೆ ಬೇಗ ಒಣಗಬೇಕು, ಅಲ್ಲಿಯವರೆಗೆ ದಂಟು ಗಾಳಿಗೆ ಬೀಳದೆ ನಿಲ್ಲಬೇಕು. ರಸಮೇವಿಗಾದರೋ ಕಾಳು ಬಲಿಯುತ್ತಿರುವಾಗಲೂ ಎಲೆ, ದಂಟು ಹಸಿರಾಗಿರಬೇಕು.

ಉಳಿದರ್ಧದ ಮಹತ್ವ

ಗುಣಮಟ್ಟದ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾದುದು. ಕಾಳು ಪಿಷ್ಟವನ್ನು, ಅಂದರೆ ಶಕ್ತಿಯನ್ನು ಕೊಡುತ್ತದೆ. ದಂಟು, ಎಲೆ, ತೆನೆಯ ಸಿಪ್ಪೆಗಳು ನಾರನ್ನು ಕೊಡುತ್ತವೆ. ಹಸುವಿನ ಮೊದಲ ಹೊಟ್ಟೆಯಲ್ಲಿ ನಾರು ಬೇಗ ಕರಗಿದರೆ ಜಾಗ ಖಾಲಿಯಾಗಿ ಹಸು ಇನ್ನಷ್ಟು ಮೇಯುತ್ತದೆ. ಕರಗದಿದ್ದರೆ ಹೊಟ್ಟೆ ತುಂಬಿರುತ್ತದೆ, ಹಾಲು ಹೆಚ್ಚುವುದಿಲ್ಲ. ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಒಬಾ ಮತ್ತು ಆಲೆನ್ 1999ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದನ್ನು ಅಂಕಿಗಳಲ್ಲಿ ತೋರಿಸಿತು. ಮೇವಿನ ನಾರಿನ ಜೀರ್ಣತೆ ಶೇಕಡಾ 1 ಅಂಶದಷ್ಟು ಏರಿದಾಗ ಹಸು ದಿನಕ್ಕೆ 0.17 ಕಿಲೋ ಹೆಚ್ಚು ಶುಷ್ಕಾಂಶ ತಿಂದು, ಶೇ. 4ರ ಕೊಬ್ಬಿನ ಲೆಕ್ಕದಲ್ಲಿ 0.25 ಕಿಲೋ ಹೆಚ್ಚು ಹಾಲು ಕೊಟ್ಟಿತ್ತು.

ಈ ಕಾರಣದಿಂದಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಜ್ಞರು 'ಮಿಲ್ಕ್ 2000', ಆನಂತರ 'ಮಿಲ್ಕ್ 2006' ಎಂಬ ಲೆಕ್ಕಾಚಾರಗಳನ್ನು ರೂಪಿಸಿದರು. ಇವು ಪ್ರತಿ ತಳಿಗೆ ಎರಡು ಅಳತೆಗಳನ್ನು ಕೊಡುತ್ತವೆ: ಒಂದು ಟನ್ ಮೇವಿನಿಂದ ಎಷ್ಟು ಹಾಲು, ಒಂದು ಎಕರೆಯಿಂದ ಎಷ್ಟು ಹಾಲು. ಎರಡರಲ್ಲೂ ಒಂದೇ ತಳಿ ಮೊದಲ ಸ್ಥಾನ ಪಡೆಯಬೇಕೆಂದಿಲ್ಲ.

ಇದಕ್ಕೆ ಸ್ಪಷ್ಟ ನಿದರ್ಶನ, ಎಲೆಯ ನಡುನರ ಕಂದುಬಣ್ಣಕ್ಕೆ ತಿರುಗುವ ಮೆಕ್ಕೆಜೋಳ. 1920ರ ದಶಕದಲ್ಲಿ ಅಮೆರಿಕದ ಮಿನೆಸೋಟದಲ್ಲಿ ಗುರುತಿಸಲಾದ ಈ ಗುಣವುಳ್ಳ ಗಿಡಗಳಲ್ಲಿ, ನಾರನ್ನು ಗಡುಸಾಗಿಸುವ ಲಿಗ್ನಿನ್ ಕಡಿಮೆ. ಅದರ ಮೇವು ಹಸುವಿಗೆ ಸುಲಭವಾಗಿ ಜೀರ್ಣವಾಗುತ್ತದೆ. ಆದರೆ ಇಳುವರಿ ಸಾಮಾನ್ಯ ತಳಿಗಳಿಗಿಂತ ಕಡಿಮೆ. ಕಾಳನ್ನಷ್ಟೇ ಅಳೆಯುವವರ ಕಣ್ಣಿಗೆ ಇದು ಸೋತ ತಳಿ. ಹಾಲನ್ನು ಅಳೆಯುವವರಿಗೆ ಹಾಗಲ್ಲ.

ಕೊಯ್ಲಿನ ಹದ

ತಳಿಯಷ್ಟೇ ಮುಖ್ಯವಾದುದು ಕೊಯ್ಲಿನ ಸಮಯ. ಇಡೀ ಗಿಡದಲ್ಲಿ ಶೇ. 30ರಿಂದ 35ರಷ್ಟು ಶುಷ್ಕಾಂಶವಿರುವಾಗ ಕೊಯ್ಯುವುದು ಹಿತಕರ. ಇದಕ್ಕಿಂತ ಮೊದಲೇ ಕೊಯ್ದರೆ ಕಾಳಿನಲ್ಲಿ ಪಿಷ್ಟ ತುಂಬಿರುವುದಿಲ್ಲ, ಗುಂಡಿಯಿಂದ ಪೌಷ್ಟಿಕ ರಸವೂ ಹರಿದುಹೋಗುತ್ತದೆ. ತಡವಾದರೆ ಮೇವು ಬಿಗಿಯಾಗಿ ಕೂರದೆ ಗಾಳಿ ಸೇರಿ ಬೂಷ್ಟು ಹಿಡಿಯುತ್ತದೆ. ಕಾಳಿನ ತೂಕ ಗರಿಷ್ಠ ಮಟ್ಟ ಮುಟ್ಟುವುದು ಈ ಹದ ದಾಟಿದ ಮೇಲೆ. ಆದ್ದರಿಂದ ಕಾಳಿಗಾಗಿ ಕಾದವನಿಗೆ ಒಳ್ಳೆಯ ರಸಮೇವು ದಕ್ಕದು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಭಾರತದಲ್ಲಿ ಹೆಚ್ಚಾಗಿ ಬೆಳೆಯುವುದು ಗಾಜಿನಂತೆ ಗಡುಸಾದ, ಹಳದಿ-ಕಿತ್ತಳೆ ಬಣ್ಣದ ಕಾಳಿನ ತಳಿಗಳನ್ನು. ಕೋಳಿ ಆಹಾರದ ಮಾರುಕಟ್ಟೆಗೆ ಇವು ಅಚ್ಚುಮೆಚ್ಚು. ಆದರೆ ಬಲಿತ ಗಡಸು ಕಾಳು ಹಸುವಿನ ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ಇಡಿಯಾಗಿ ಉಳಿದ ಕಾಳು ಸಗಣಿಯಲ್ಲೇ ಹೊರಬೀಳುತ್ತದೆ. ಕತ್ತರಿಸುವಾಗಲೇ ಕಾಳು ಒಡೆಯುವಂತೆ ನೋಡಿಕೊಳ್ಳುವುದು, ಮುಚ್ಚಿದ ಗುಂಡಿಯನ್ನು ಕೆಲವು ತಿಂಗಳು ತೆರೆಯದಿರುವುದು ಇದಕ್ಕೆ ಪರಿಹಾರ. ಹುಳಿಯುವಿಕೆಯಲ್ಲಿ ಪಿಷ್ಟವನ್ನು ಸುತ್ತುವರಿದ ಪ್ರೋಟೀನ್ ಕ್ರಮೇಣ ಸಡಿಲಗೊಂಡು ಪಿಷ್ಟದ ಜೀರ್ಣತೆ ಹೆಚ್ಚುತ್ತದೆ.

ತೆನೆಯೇ ಬಾರದಿದ್ದರೆ?

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಅಂತಹ ವರ್ಷ ಕಾಳು ಕಟ್ಟದ ಹೊಲ ಪೂರ್ತಿ ನಷ್ಟವೆಂದೇ ತೋರುತ್ತದೆ. ಆದರೆ ಕಾಳಿಗೆ ಹರಿಯಬೇಕಿದ್ದ ಸಕ್ಕರೆಯ ಒಂದಂಶ ದಂಟಿನಲ್ಲೇ ಉಳಿದಿರುತ್ತದೆ, ನಾರೂ ಅಷ್ಟೊಂದು ಗಡುಸಾಗಿರುವುದಿಲ್ಲ. ಪಿಷ್ಟವಿಲ್ಲದಿದ್ದರೂ, ಪ್ರಮಾಣ ಕಡಿಮೆಯಾದರೂ ಅದು ಬೆಲೆಯುಳ್ಳ ಮೇವೇ.

ಎಚ್ಚರಿಕೆ ಮಾತ್ರ ಅಗತ್ಯ. ಬರದಲ್ಲಿ ಬೆಳೆದ ಗಿಡದ ಬುಡಭಾಗದಲ್ಲಿ ನೈಟ್ರೇಟ್ ಶೇಖರಗೊಂಡು ರಾಸುಗಳಿಗೆ ವಿಷವಾಗಬಲ್ಲದು. ಬುಡದಿಂದ ಸುಮಾರು ಒಂದಡಿ ಬಿಟ್ಟು ಕೊಯ್ಯುವುದು, ಬರದ ನಡುವೆ ಮಳೆ ಬಿದ್ದೊಡನೆ ಕೊಯ್ಯದಿರುವುದು, ಹಸಿಯಾಗಿ ತಿನ್ನಿಸುವ ಬದಲು ರಸಮೇವು ಮಾಡುವುದು ಕ್ಷೇಮ. ಹುಳಿಯುವಾಗ ನೈಟ್ರೇಟಿನ ಒಂದು ಪಾಲು ನಾಶವಾಗುತ್ತದೆ. ಆದರೆ ಎಲ್ಲವೂ ಅಲ್ಲವಾದ್ದರಿಂದ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಲೆಕ್ಕ ಹಾಕುವ ಬಗೆ

ನಿಂತ ಬೆಳೆಯನ್ನು ರಸಮೇವಿಗೆ ಮಾರುವ ರೈತನಿಗೆ ಮೇಲಿನ 200 ಕಿಲೋ ಲೆಕ್ಕ ದಾರಿದೀಪವಾಗಬಲ್ಲದು. ಬೆಂಬಲ ಬೆಲೆ ಸಿಕ್ಕರೆ ಒಂದು ಟನ್ ರಸಮೇವಿನೊಳಗಿನ ಕಾಳಿನ ಮೌಲ್ಯವೇ 4,800 ರೂಪಾಯಿ. ಧಾರಣೆ 1,800ಕ್ಕೆ ಇಳಿದರೆ 3,600 ರೂಪಾಯಿ. ಇದರಿಂದ ಕೊಯ್ಲು, ಒಕ್ಕಣೆ, ಒಣಗಿಸುವಿಕೆ, ಸಾಗಣೆಯ ಖರ್ಚನ್ನು ಕಳೆದು, ಸೊಪ್ಪೆಯ ಬೆಲೆಯನ್ನು ಕೂಡಿಸಿದರೆ ನ್ಯಾಯವಾದ ದರದ ಅಂದಾಜು ಸಿಗುತ್ತದೆ. ತೆನೆ ಬಡವಾಗಿದ್ದರೆ ಈ ಲೆಕ್ಕ ನಡೆಯದು.

ಇನ್ನೊಂದು ಬಾಬತ್ತು ಹಲವು ಬಾರಿ ಮರೆತುಹೋಗುತ್ತದೆ. ಗಿಡದ ಪೊಟ್ಯಾಷ್‌ನ ಬಹುಪಾಲು ಇರುವುದು ದಂಟು, ಎಲೆಗಳಲ್ಲಿ. ಕಾಳು ಮಾತ್ರ ಮಾರಿ ಸೊಪ್ಪೆಯನ್ನು ಹೊಲಕ್ಕೇ ಬಿಟ್ಟರೆ ಅದು ಮಣ್ಣಿಗೆ ಮರಳುತ್ತದೆ, ರಸಮೇವು ಮಾಡಿದರೆ ಪೂರ್ತಿ ಹೊರಟುಹೋಗುತ್ತದೆ. ಕೊಟ್ಟಿಗೆ ಗೊಬ್ಬರ ಅದೇ ಹೊಲಕ್ಕೆ ಹಿಂದಿರುಗದಿದ್ದರೆ ಮುಂದಿನ ವರ್ಷಗಳಲ್ಲಿ ಕಾಳೂ ಕುಗ್ಗುತ್ತದೆ, ರಸಮೇವೂ ಕುಗ್ಗುತ್ತದೆ.