ಮಂದ್ರಕ್ಕೆ ಯಾವ ತಂತಿ?

ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಹಳ್ಳಿಗಳಲ್ಲಿ ರಾತ್ರಿಯ ಭಜನೆಯನ್ನು ಕೇಳಿದವರಿಗೆ ತಂಬೂರಿಯ ನಾದ ಹೊಸದಲ್ಲ. ಕನ್ನಡವೂ ತೆಲುಗೂ ಮನೆಮಾತಾಗಿರುವ ಈ ಸೀಮೆಯಲ್ಲಿ ಕೈವಾರದ ತಾತಯ್ಯನವರ ತತ್ತ್ವಪದಗಳನ್ನು ಹಾಡುವವರಿಗೂ, ಬುರ್ರಕಥೆ ಹೇಳುವವರಿಗೂ ಅದೇ ಆಸರೆ. ಸಂಗೀತ ಕಛೇರಿಯ ನಾಲ್ಕು ತಂತಿಗಳ ದೊಡ್ಡ ತಂಬೂರಿಯನ್ನು ಸಮೀಪದಿಂದ ನೋಡಿದರೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಸಾಮಾನ್ಯವಾಗಿ ಮೂರು ತಂತಿಗಳು ಉಕ್ಕಿನವು, ಬಿಳಿಯ ಬಣ್ಣದವು. ಮಂದ್ರ ಷಡ್ಜವನ್ನು ನುಡಿಯುವ ಕೊನೆಯದು ಮಾತ್ರ ಹಳದಿಯ ಹಿತ್ತಾಳೆಯದು, ಉಳಿದವಕ್ಕಿಂತ ದಪ್ಪನಾದುದು. ಇದು ಅಲಂಕಾರಕ್ಕಾಗಿ ಮಾಡಿದ್ದಲ್ಲವೆಂಬುದು ಸ್ಪಷ್ಟ. ಹಾಗಾದರೆ ಕಾರಣವೇನು?

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ತಂತಿ ತುಂಡಾದಾಗ ಅಂಗಡಿಗೆ ಹೋಗಿ ‘ಒಂದು ಸೆಟ್ ಕೊಡಿ’ ಎಂದು ಕೇಳಿ, ಕೈಗೆ ಬಂದುದನ್ನು ಬಿಗಿಯುವವರು ಅನೇಕರು. ತಂತಿ ಹಗುರವಾದರೆ ಮಂದ್ರ ಸಡಿಲಾಗಿ ಬಡಬಡಿಸುತ್ತದೆ. ಭಾರವಾದರೆ ನಾದವೇನೋ ಗಟ್ಟಿಯಾಗಿ ಕೇಳುತ್ತದೆ, ಆದರೆ ಕೆಲವು ವರ್ಷಗಳಲ್ಲಿ ದಂಡಿ ಬಾಗಬಹುದು, ಕುದುರೆಯ ಕೆಳಗಿನ ಹಲಗೆ ತಗ್ಗಬಹುದು. ಎರಡು ತಲೆಮಾರು ಬಾಳಬೇಕಾದ ವಾದ್ಯ ಹೀಗೆ ಹಾಳಾಗುವುದು ವಿಷಾದದ ಸಂಗತಿ. ಸ್ವಲ್ಪ ಲೆಕ್ಕದಿಂದ ಅದನ್ನು ತಪ್ಪಿಸಬಹುದೆಂಬುದು ಸಮಾಧಾನದ ಸಂಗತಿ.

ಆ ಲೆಕ್ಕದ ನಿಯಮಗಳನ್ನು ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿ ೧೬೩೬ರಲ್ಲಿ ಪ್ರಕಟಿಸಿದನು. ತಂತಿಯ ಉದ್ದ ಎರಡರಷ್ಟಾದರೆ ಅದರ ಕಂಪನಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಬಿಗಿತ ನಾಲ್ಕರಷ್ಟಾದರೆ ಕಂಪನ ಎರಡರಷ್ಟಾಗುತ್ತದೆ. ಒಂದು ಮೀಟರ್ ತಂತಿಯ ತೂಕ ನಾಲ್ಕರಷ್ಟಾದರೆ ಕಂಪನ ಅರ್ಧವಾಗುತ್ತದೆ. ಕಂಪನ ಅರ್ಧವಾಗುವುದೆಂದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುವುದೆಂದೇ ಅರ್ಥ.

ಒಂದು ತಂಬೂರಿಯಲ್ಲಿ ನುಡಿಯುವ ಉದ್ದ ೯೦ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಮಧ್ಯ ಷಡ್ಜ ಸೆಕೆಂಡಿಗೆ ಸುಮಾರು ೧೩೧ ಕಂಪನಗಳದು. ಹಾಡುಗಾರರು ಒಂದು ಕಟ್ಟೆ ಶ್ರುತಿ ಎನ್ನುವುದು ಇದನ್ನೇ. ೦.೩೦ ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯನ್ನು ಈ ಸ್ವರಕ್ಕೆ ತರಲು ಸುಮಾರು ೩ ಕಿಲೋಗ್ರಾಂ ಭಾರದಷ್ಟು ಬಿಗಿತ ಬೇಕು. ಅದೇ ತಂತಿಯನ್ನು ಮಂದ್ರ ಷಡ್ಜಕ್ಕೆ ಇಳಿಸಿದರೆ ಬಿಗಿತ ಮುಕ್ಕಾಲು ಕಿಲೋಗೆ ಕುಸಿಯುತ್ತದೆ. ಅಂಥ ತಂತಿ ಮಿಡಿತಕ್ಕೆ ತೂಗಾಡುವುದೇ ಹೊರತು ನಾದ ಕೊಡುವುದಿಲ್ಲ. ಬಿಗಿತವನ್ನು ಉಳಿಸಿಕೊಂಡು ಸ್ವರವನ್ನು ಇಳಿಸಬೇಕಾದರೆ ತೂಕವನ್ನು ನಾಲ್ಕು ಪಟ್ಟು ಮಾಡಬೇಕು, ಎಂದರೆ ೦.೬೦ ಮಿಲಿಮೀಟರ್ ಉಕ್ಕನ್ನು ಹಾಕಬೇಕು. ತೊಡಕು ಇರುವುದು ಇಲ್ಲಿಯೇ. ತಂತಿಯ ದಪ್ಪ ಎರಡರಷ್ಟಾದರೆ ಬಾಗುವಿಕೆಗೆ ಅದು ಒಡ್ಡುವ ತಡೆ ಹದಿನಾರು ಪಟ್ಟಾಗುತ್ತದೆ. ಆಗ ತಂತಿ ಪಾಲುಪಾಲಾಗಿ ಸಲೀಸಾಗಿ ಕಂಪಿಸಲಾರದೆ ಸರಳಿನ ಗುಣವನ್ನು ತಾಳುತ್ತದೆ, ಉಪಸ್ವರಗಳು ತಮ್ಮ ಸ್ಥಾನಕ್ಕಿಂತ ಮೇಲಕ್ಕೆ ಜಾರುತ್ತವೆ, ನಾದ ಗಡುಸಾಗುತ್ತದೆ.

ಹಿತ್ತಾಳೆಯ ಸಾಂದ್ರತೆ ಉಕ್ಕಿಗಿಂತ ಕೊಂಚ ಹೆಚ್ಚು, ಅದರ ಗಡಸುತನವಾದರೋ ಉಕ್ಕಿನ ಅರ್ಧದಷ್ಟು. ಸುಮಾರು ೦.೫೫ ಮಿಲಿಮೀಟರ್ ಹಿತ್ತಾಳೆ ತಂತಿ ಹೆಚ್ಚುಕಡಿಮೆ ೩ ಕಿಲೋ ಬಿಗಿತದಲ್ಲಿಯೇ ಮಂದ್ರವನ್ನು ಮೆತ್ತಗೆ ನುಡಿಯುತ್ತದೆ. ಹಾಗೆಂದು ನಾಲ್ಕಕ್ಕೂ ಹಿತ್ತಾಳೆಯನ್ನೇ ಹಾಕಿದರಾಯಿತಲ್ಲ ಎಂದರೆ, ಮಧ್ಯ ಷಡ್ಜಕ್ಕೆ ಏರಿಸುವಾಗ ಅದು ತನ್ನ ಶಕ್ತಿಯ ಮಿತಿಯನ್ನು ಸಮೀಪಿಸುತ್ತದೆ. ದಪ್ಪ ಮಾಡಿದರೂ ಪ್ರಯೋಜನವಿಲ್ಲ, ಏಕೆಂದರೆ ದಪ್ಪದೊಡನೆ ಬೇಕಾದ ಬಿಗಿತವೂ ಬೆಳೆಯುತ್ತದೆ. ಅಲ್ಲಿಗೆ ಉಕ್ಕೇ ಸರಿ. ಸೂತ್ರವನ್ನು ಕಾಣದ ಕುಶಲಿಗಳು ಕಿವಿಯಿಂದಲೇ ಈ ತೀರ್ಮಾನಕ್ಕೆ ಬಂದಿದ್ದರೆಂಬುದನ್ನು ನಾವು ಮೆಚ್ಚಬೇಕು.

ತಂಬೂರಿಯ ಈ ತೊಡಕು ಪಾಶ್ಚಾತ್ಯರ ಡಬಲ್ ಬೇಸಿನಲ್ಲಿ ಬೃಹದಾಕಾರ ತಾಳುತ್ತದೆ. ಇದು ಆಳೆತ್ತರಕ್ಕೂ ಮೀರಿದ ಪಿಟೀಲಿನಂಥ ವಾದ್ಯ. ನುಡಿಸುವವರು ನಿಂತುಕೊಂಡು ಇಲ್ಲವೆ ಎತ್ತರದ ಪೀಠದ ಮೇಲೆ ಕುಳಿತು, ಕಮಾನಿನಿಂದ ಉಜ್ಜುತ್ತಾರೆ ಅಥವಾ ಬೆರಳಿನಿಂದ ಮಿಡಿಯುತ್ತಾರೆ. ತಂತಿಯ ಉದ್ದ ಸುಮಾರು ೧೦೫ ಸೆಂಟಿಮೀಟರ್. ನಾಲ್ಕು ತಂತಿಗಳಲ್ಲಿ ಅತಿ ಕೆಳಗಿನದರ ಕಂಪನ ಸೆಕೆಂಡಿಗೆ ೪೧, ಅತಿ ಮೇಲಿನದರದು ೯೮. ಕೆಳಗಿನ ತಂತಿಗೆ ೨೫ ಕಿಲೋ ಬಿಗಿತ ಕೊಡಬೇಕೆಂದರೆ ಅದು ಮೀಟರಿಗೆ ೩೩ ಗ್ರಾಂ ತೂಗಬೇಕು. ಕುರಿಯ ಕರುಳನ್ನು ಹೊಸೆದು ಮಾಡಿದ ಬರಿಯ ತಂತಿಯಿಂದ ಇದನ್ನು ಸಾಧಿಸಲು ಅದು ೫.೭ ಮಿಲಿಮೀಟರ್ ದಪ್ಪವಿರಬೇಕು. ಅದು ತಂತಿಯಲ್ಲ, ಹಗ್ಗ! ಒಂದೇ ಗಟ್ಟಿ ಉಕ್ಕಿನಿಂದ ಮಾಡಿದರೆ ದಪ್ಪ ೨.೩ ಮಿಲಿಮೀಟರ್ ಸಾಕು, ಆದರೆ ಅದು ಕಂಬಿಯಾಯಿತು.

ಪರಿಹಾರ ಹದಿನೇಳನೆಯ ಶತಮಾನದಲ್ಲಿ ಬಂದಿತು. ಕರುಳಿನ ಅಥವಾ ರೇಷ್ಮೆಯ ಎಳೆಯ ಮೇಲೆ ಸಣ್ಣ ಲೋಹದ ತಂತಿಯನ್ನು ಸುತ್ತಿದ ಹೊಸ ತಂತಿಗಳನ್ನು ಕುರಿತು ೧೬೬೪ರಲ್ಲಿ ಲಂಡನ್ನಿನ ಪ್ಲೇಫರ್ಡ್ ಎಂಬ ಪ್ರಕಾಶಕನು ತನ್ನ ಪುಸ್ತಕದಲ್ಲಿ ಜಾಹೀರಾತು ಕೊಟ್ಟಿದ್ದನು. ಇದರ ಯುಕ್ತಿ ಬಹು ಸರಳ: ಬಿಗಿತವನ್ನು ತಾಳುವ ಕೆಲಸ ಒಳಗಿನ ತಿರುಳಿನದು, ತೂಕವನ್ನು ಕೊಡುವ ಕೆಲಸ ಹೊರಗಿನ ಸುತ್ತಿನದು. ಸುತ್ತುಗಳು ಬಾಗುವಿಕೆಯನ್ನು ಹೆಚ್ಚಾಗಿ ತಡೆಯುವುದಿಲ್ಲವಾದುದರಿಂದ ತಂತಿ ಭಾರವಾಗಿದ್ದೂ ಬಳುಕುತ್ತದೆ.

ಈಗ ಡಬಲ್ ಬೇಸಿಗೆ ದೊರೆಯುವ ತಂತಿಗಳ ಸೆಟ್ಟುಗಳಲ್ಲಿ ಮುಖ್ಯ ವ್ಯತ್ಯಾಸವಿರುವುದು ಈ ತಿರುಳಿನಲ್ಲಿಯೇ. ಜರ್ಮನಿಯ ಪಿರಾಸ್ಟ್ರೊ ಸಂಸ್ಥೆಯ ಯೂಡೋಕ್ಸಾ ಸೆಟ್ಟಿನಲ್ಲಿ ತಿರುಳು ಕರುಳಿನದು. ಕರುಳು ತನ್ನೊಳಗಿನ ಘರ್ಷಣೆಯಿಂದ ಮೇಲಿನ ಉಪಸ್ವರಗಳನ್ನು ಬೇಗನೆ ನುಂಗಿಬಿಡುತ್ತದೆ. ಮಿಡಿದರೆ ದುಂಡಾದ, ಬೇಗ ಅಡಗುವ ಧ್ವನಿ. ಉಜ್ಜಿದರೆ ಗದ್ಗದಿತವಾದ, ಮನುಷ್ಯಕಂಠಕ್ಕೆ ಸಮೀಪದ ಧ್ವನಿ. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ಕೋಲಾರದ ಮಾರ್ಚ್ ತಿಂಗಳ ಒಣ ಹವೆಯಲ್ಲಿ ಕೂಡಿಸಿದ ಶ್ರುತಿ ಮಳೆ ಬಿದ್ದ ದಿನ ನಿಲ್ಲದು. ಬೆಲೆಯೂ ಹೆಚ್ಚು.

ವಿಯೆನ್ನಾದ ಥೋಮಾಸ್ಟಿಕ್ ಸಂಸ್ಥೆಯ ಸ್ಪಿರೋಕೋರ್ ಉಕ್ಕಿನದು. ಗಟ್ಟಿ ಉಕ್ಕಲ್ಲ, ಸಣ್ಣ ಎಳೆಗಳನ್ನು ಹುರಿಗೊಳಿಸಿದ ಉಕ್ಕು. ಒಂದೇ ಕಂಬಿಯ ಬದಲು ಅಷ್ಟೇ ಉಕ್ಕನ್ನು ೧೯ ಎಳೆಗಳಾಗಿ ಹಂಚಿ, ಅವು ಒಂದರ ಮೇಲೊಂದು ಸರಿಯುವಂತಿದ್ದರೆ ಬಾಗುವಿಕೆಯ ತಡೆ ಹತ್ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೋಲಾರ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚುವವರೆಗೂ ಕೆಲಸಗಾರರ ಪಂಜರವನ್ನು ಕೆಳಗಿಳಿಸುತ್ತಿದ್ದ ಉಕ್ಕಿನ ಹಗ್ಗದ ತತ್ತ್ವವೂ ಇದೇ. ಚಾಂಪಿಯನ್ ರೀಫ್ ಗಣಿಯ ಆಳ ೩ ಕಿಲೋಮೀಟರಿಗೂ ಮಿಕ್ಕುದು. ಅಲ್ಲಿ ಗಟ್ಟಿ ಕಂಬಿಯನ್ನು ರಾಟೆಗೆ ಸುತ್ತುವುದನ್ನು ಊಹಿಸಲೂ ಆಗದು. ಸ್ಪಿರೋಕೋರನ್ನು ಮಿಡಿದರೆ ನಾದ ಬಹುಕಾಲ ನಿಲ್ಲುತ್ತದೆ, ಆದುದರಿಂದಲೇ ಜಾಝ್ ವಾದಕರಿಗೆ ಅದು ಪ್ರಿಯ. ಕಮಾನಿಗೆ ಮಾತ್ರ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಕಮಾನು ಮತ್ತು ಬೆರಳು ಎರಡಕ್ಕೂ ಒಗ್ಗಬೇಕೆನ್ನುವವರು ಕೃತಕ ನಾರಿನ ತಿರುಳುಳ್ಳ ಒಬ್ಲಿಗಾಟೊದಂಥ ಸೆಟ್ಟನ್ನು ಆರಿಸುತ್ತಾರೆ. ಇದು ಕರುಳಿನ ಗುಣವನ್ನು ಅನುಕರಿಸುತ್ತದೆ, ತೇವಕ್ಕೆ ಅಷ್ಟಾಗಿ ಹೆದರುವುದಿಲ್ಲ.

ಆದರೆ ಪೊಟ್ಟಣದ ಮೇಲಿನ ಹೆಸರಿಗಿಂತ ಅದರ ಮೇಲಿನ ಬಿಗಿತದ ಅಂಕಿಯನ್ನು ಮೊದಲು ನೋಡಬೇಕೆಂದು ನಮ್ಮ ಅಭಿಪ್ರಾಯ. ತಂತಿಗೆ ೨೫ ಕಿಲೋದಂತೆ ನಾಲ್ಕಕ್ಕೆ ೧೦೦ ಕಿಲೋ ಆಯಿತು. ಕೋಲಾರದ ಮಂಡಿಗೆ ಬರುವ ೧೫ ಕಿಲೋದ ಟೊಮೆಟೊ ಪೆಟ್ಟಿಗೆಗಳಲ್ಲಿ ಸುಮಾರು ಏಳು! ಇಷ್ಟು ಸೆಳೆತವನ್ನು ಕೆಲವೇ ಮಿಲಿಮೀಟರ್ ದಪ್ಪದ ಹಲಗೆಯ ಮೇಲೆ ಕಟ್ಟಿದ ವಾದ್ಯ ಹಗಲಿರುಳು ತಾಳಬೇಕು. ಹಗುರವಾದ ಕರುಳಿನ ಸೆಟ್ಟಿಗೆಂದು ಕಟ್ಟಿದ ಹಳೆಯ ವಾದ್ಯಕ್ಕೆ ಬಿಗಿಯಾದ ಉಕ್ಕಿನ ಸೆಟ್ಟನ್ನು ಹಾಕುವುದು ಗಂಡಾಂತರದ ಕೆಲಸ.

ತಂತಿಯಷ್ಟೇ ನಾದವನ್ನು ನಿರ್ಣಯಿಸುವುದಿಲ್ಲ. ಅದು ಕುದುರೆಯ ಮೇಲೆ ಹೇಗೆ ಒರಗುತ್ತದೆಂಬುದೂ ಮುಖ್ಯ. ತಂತಿಯನ್ನು ಯಾವ ಬಿಂದುವಿನಲ್ಲಿ ಮಿಡಿಯುತ್ತೇವೆಯೋ ಆ ಬಿಂದು ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಿಬರಬಾರದೆಂಬುದು ಯಂಗ್ ಎಂಬ ಆಂಗ್ಲ ವಿಜ್ಞಾನಿಯ ನಿಯಮ. ವೀಣೆ ತಂಬೂರಿಗಳು ಈ ನಿಯಮಕ್ಕೆ ಮಣಿಯುವುದಿಲ್ಲವೆಂದು ೧೯೨೧ರಲ್ಲಿ ತೋರಿಸಿದವರು ಸಿ. ವಿ. ರಾಮನ್. ಅವುಗಳ ಕುದುರೆಯ ಮೈ ಚಪ್ಪಟೆಯಾಗಿದ್ದು ನಯವಾಗಿ ಬಾಗಿದೆ. ಕಂಪಿಸುವ ತಂತಿ ಅದನ್ನು ಮತ್ತೆ ಮತ್ತೆ ತಾಕಿ, ಇಲ್ಲದ ಉಪಸ್ವರಗಳನ್ನು ಹುಟ್ಟಿಸುತ್ತದೆ. ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ಒಂದೆಳೆ ದಾರ ಈ ತಾಕುವಿಕೆಯನ್ನು ಹದಗೊಳಿಸುತ್ತದೆ. ಅದನ್ನು ಜೀವಾಳ ಎಂದು ಕರೆದವರು ಸುಮ್ಮನೆ ಕರೆಯಲಿಲ್ಲ.

ಇದನ್ನೆಲ್ಲ ಶಾಲೆಯ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ಮೇಜಿನ ಒಂದು ತುದಿಗೆ ೦.೩೦ ಮಿಲಿಮೀಟರ್ ಉಕ್ಕಿನ ತಂತಿಯನ್ನು ಕಟ್ಟಿ, ಎರಡು ಮರದ ತುಂಡುಗಳನ್ನು ೯೦ ಸೆಂಟಿಮೀಟರ್ ಅಂತರದಲ್ಲಿ ಅದರಡಿ ನಿಲ್ಲಿಸಿ, ಇನ್ನೊಂದು ತುದಿಯಲ್ಲಿ ರಾಟೆಯ ಮೇಲಿಂದ ಮಾಲೂರಿನ ಇಟ್ಟಿಗೆಯೊಂದನ್ನು ತೂಗಿಬಿಡಬೇಕು. ಇಟ್ಟಿಗೆ ೩ ಕಿಲೋ ಇದ್ದರೆ ಒಂದು ಕಟ್ಟೆಯ ಷಡ್ಜ ಹತ್ತಿರ ಹತ್ತಿರ ಬರುತ್ತದೆ. ಅದೇ ಇಟ್ಟಿಗೆಗೆ ೦.೫೫ ಮಿಲಿಮೀಟರ್ ಹಿತ್ತಾಳೆಯನ್ನು ಕಟ್ಟಿದರೆ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗೆ. ಬಳಿಕ ಒಂದು ತುಂಡಿನ ಬದಲು ತಂಬೂರಿಯದರಂತೆ ಅಗಲವಾದ, ನಯವಾಗಿ ಬಾಗಿದ ಕುದುರೆಯನ್ನಿಟ್ಟು, ಸಮೀಪದ ರೇಷ್ಮೆ ನೂಲು ಬಿಚ್ಚುವವರಿಂದ ಒಂದೆಳೆಯನ್ನು ತಂದು ತಂತಿಯಡಿ ಸಿಕ್ಕಿಸಿ, ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಕೇಳಬೇಕು. ತಂತಿ ತುಂಡಾದರೆ ಅದರ ತುದಿ ಚಾಟಿಯಂತೆ ಹಾರುತ್ತದೆ. ಕಣ್ಣಿಗೆ ಕನ್ನಡಕ ಧರಿಸಿ, ಇಟ್ಟಿಗೆಯ ಕೆಳಗೆ ಪಾದವಿಡದೆ ನಿಲ್ಲತಕ್ಕದ್ದು.