ಗೇರ್ ಬೀಳದ ಗಾಡಿ, ಬೆಳಗದ ಬಲ್ಬು

ಆಟೋಮ್ಯಾಟಿಕ್ ಗೇರಿನ ಲಾರಿ ನಡುದಾರಿಯಲ್ಲಿ ಗೇರ್ ಬೀಳದೆ ನಿಂತರೆ ಮಾಲೀಕರ ಮೊದಲ ಭಯ ಗೇರ್‌ಬಾಕ್ಸ್ ಹೋಯಿತೇನೋ ಎಂಬುದು. ಗೇರ್‌ಬಾಕ್ಸ್ ಇಳಿಸುವುದೆಂದರೆ ಲಕ್ಷಗಳ ಮಾತು. ಆದರೆ ಹಲ್ಲು ಮುರಿಯದೆ, ಆಯಿಲ್ ಸೋರದೆ, ಸಪ್ಪಳವೂ ಇಲ್ಲದೆ ಗೇರ್ ಬೀಳುತ್ತಿಲ್ಲವೆಂದರೆ ಅನುಮಾನ ಮೊದಲು ಹೋಗಬೇಕಾದದ್ದು ವೈರಿನ ಕಡೆಗೆ. ಇಂಥ ದೋಷ ಹುಡುಕುವವನು ಗೇರ್ ಮಿಸ್ತ್ರಿಯಲ್ಲ, ವೈರಿಂಗ್ ಮಿಸ್ತ್ರಿ.

ಇಂಡಿ ತಾಲೂಕಿನ ತಾಂಬಾ ಸುತ್ತಮುತ್ತ ಓಡುವ ಲಾರಿಗಳಲ್ಲಿ ಹೆಚ್ಚಿನವು ಇನ್ನೂ ಕೈಗೇರಿನವೇ. ಕಬ್ಬಿನ ಹಂಗಾಮಿನಲ್ಲಿ ಮರಗೂರಿನ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯತ್ತ ಸಾಗುವ ಗಾಡಿಗಳೂ, ಇಂಡಿಯ ಲಿಂಬೆ ಹೊತ್ತು ಹೊರ ರಾಜ್ಯಕ್ಕೆ ಹೊರಡುವ ಗಾಡಿಗಳೂ ಬಹುತೇಕ ಅಂಥವೇ. ಆದರೆ ಒಂದು ಕಡೆ ಸಿಂದಗಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50, ಇನ್ನೊಂದು ಕಡೆ ಸೊಲ್ಲಾಪುರ–ವಿಜಯಪುರದ ಹೆದ್ದಾರಿ 52. ಈ ಎರಡರ ಮೇಲೂ ಕ್ಲಚ್ ಪೆಡಲ್ಲೇ ಇಲ್ಲದ ಟ್ರೇಲರ್, ಟಿಪ್ಪರುಗಳು ಓಡುತ್ತಿವೆ. ಕೆಟ್ಟು ನಿಂತ ಗಾಡಿಗೆ ಕಂಪನಿಯ ಸರ್ವಿಸ್ ಸ್ಟೇಷನ್ ದೂರ, ರಸ್ತೆ ಬದಿಯ ಶೆಡ್ಡೇ ಹತ್ತಿರ.

ಆಟೋಮ್ಯಾಟಿಕ್ ಗೇರಿನ ಚರಿತ್ರೆ ಕರ್ನಾಟಕದ ಮಟ್ಟಿಗೆ ಚಿಕ್ಕದು. ವೋಲ್ವೋ ಕಂಪನಿ ಹೊಸಕೋಟೆಯಲ್ಲಿ ಲಾರಿ ತಯಾರಿಸಲು ತೊಡಗಿದ್ದು 1998ರಲ್ಲಿ. ಅದರ ಐ-ಶಿಫ್ಟ್ ಎಂಬ ಸ್ವಯಂಚಾಲಿತ ಗೇರ್ ಜಗತ್ತಿನ ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಗೇರ್ ಹಾಕದೆ ಓಡುವ ದೊಡ್ಡ ಗಾಡಿಯನ್ನು ಬೆಂಗಳೂರಿನ ಜನ ದಿನಾ ಕಂಡದ್ದು 2006ರಲ್ಲಿ ಬಿಎಂಟಿಸಿಯ ಕೆಂಪು ವೋಲ್ವೋ ಬಸ್ಸುಗಳು ಬಂದ ಮೇಲೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ನಂತರ ಕೈಗೇರಿನ ಲಾರಿಯಲ್ಲೂ ಕಂಪ್ಯೂಟರು, ಸೆನ್ಸರುಗಳ ಸಂಖ್ಯೆ ಏರಿತು.

ಆಟೋಮ್ಯಾಟಿಕ್ ಲಾರಿಗಳಲ್ಲಿ ಎರಡು ಬಗೆ. ಟಾರ್ಕ್ ಕನ್ವರ್ಟರ್ ಇರುವ ಪೂರ್ಣ ಆಟೋಮ್ಯಾಟಿಕ್ ಒಂದು. ಮಾಮೂಲಿ ಗೇರ್‌ಬಾಕ್ಸಿಗೇ ಗಾಳಿಯ ಒತ್ತಡದಿಂದ ಕ್ಲಚ್ ಒತ್ತುವ, ಗೇರ್ ಸರಿಸುವ ಯಂತ್ರ ಕೂಡಿಸಿದ ಎಎಂಟಿ ಇನ್ನೊಂದು. ಎರಡರಲ್ಲೂ ತೀರ್ಮಾನ ಕಂಪ್ಯೂಟರಿನದು. ವೇಗದ ಸೆನ್ಸರು, ಬ್ರೇಕ್ ಸ್ವಿಚ್ಚು, ಗೇರ್ ಸೆಲೆಕ್ಟರು ಕಳಿಸಿದ ಸುದ್ದಿ ನೋಡಿ ಅದು ಗೇರ್ ಬದಲಿಸುವ ಸೊಲೆನಾಯ್ಡುಗಳಿಗೆ ಕರೆಂಟ್ ಬಿಡುತ್ತದೆ. ಸುದ್ದಿಯ ಮೇಲೆ ನಂಬಿಕೆ ಹೋದರೆ ಇದ್ದ ಗೇರಿನಲ್ಲೇ ಹಿಡಿದುಕೊಳ್ಳುತ್ತದೆ, ಇಲ್ಲವೆ ನ್ಯೂಟ್ರಲ್ಲಿನಲ್ಲೇ ನಿಲ್ಲುತ್ತದೆ. ಡ್ರೈವರುಗಳು ‘ಲಾಕ್ ಆಗ್ಯಾದ’ ಅನ್ನುವುದು ಇದನ್ನೇ.

ಹುಡುಕಾಟ ಬ್ಯಾಟರಿಯಿಂದ ಶುರು. ಲಾರಿಯದು 24 ವೋಲ್ಟಿನ ವ್ಯವಸ್ಥೆ: 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ. ಪೂರ್ತಿ ಚಾರ್ಜ್ ಇದ್ದರೆ ಎರಡೂ ಸೇರಿ ಸುಮಾರು 25.4 ವೋಲ್ಟ್, ಎಂಜಿನ್ ಓಡುತ್ತಿದ್ದರೆ 27.5ರಿಂದ 28.5 ತೋರಬೇಕು. ಸೆಲ್ಫ್ ಹೊಡೆದಾಗ 18ಕ್ಕಿಂತ ಕೆಳಗೆ ಕುಸಿದರೆ ಗೇರಿನ ಕಂಪ್ಯೂಟರು ಒಂದು ಕ್ಷಣ ಎಚ್ಚರ ತಪ್ಪಿ, ಎದ್ದ ಮೇಲೆ ಇಲ್ಲದ ದೋಷ ಬರೆದುಕೊಳ್ಳುವುದುಂಟು. ಇಲ್ಲಿ ಡ್ರೈವರುಗಳದ್ದೇ ಒಂದು ಕೈಚಳಕವೂ ಸೇರುತ್ತದೆ. ಟೇಪ್‌ರೆಕಾರ್ಡರಿಗೆ, ಮೊಬೈಲ್ ಚಾರ್ಜರಿಗೆ 12 ವೋಲ್ಟ್ ಬೇಕೆಂದು ಜೋಡಿಯ ಒಂದೇ ಬ್ಯಾಟರಿಯಿಂದ ವೈರ್ ಎಳೆಯುತ್ತಾರೆ. ಒಂದು ಸದಾ ಹಸಿದಿರುತ್ತದೆ, ಇನ್ನೊಂದಕ್ಕೆ ಅಜೀರ್ಣ. ಕೆಲವೇ ತಿಂಗಳಲ್ಲಿ ಎರಡೂ ಹಾಳು. ಹಾಗಾಗಿ ಬಲ್ಲ ಮಿಸ್ತ್ರಿ ಒಟ್ಟು ವೋಲ್ಟೇಜ್ ನೋಡಿ ಸುಮ್ಮನಾಗದೆ ಎರಡು ಬ್ಯಾಟರಿಗಳನ್ನೂ ಬೇರೆ ಬೇರೆ ಅಳೆಯುತ್ತಾನೆ.

ಮುಂದಿನದು ಅರ್ಥ್. ಎಂಜಿನ್, ಗೇರ್‌ಬಾಕ್ಸು ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುವುದರಿಂದ ಚಾಸಿಗೂ ಅವಕ್ಕೂ ಹೆಣೆದ ತಾಮ್ರದ ಪಟ್ಟಿಯೇ ವಿದ್ಯುತ್ ಸಂಬಂಧ. ಕ್ಲಚ್ ಕೆಲಸಕ್ಕೆ ಬಿಚ್ಚಿದವರು ಅದನ್ನು ಬಣ್ಣದ ಮೇಲೆಯೇ ಬಿಗಿದರೆ, ಇಲ್ಲವೆ ಮರೆತೇ ಬಿಟ್ಟರೆ, ಸೆಲ್ಫಿನ ಭಾರಿ ಕರೆಂಟ್ ಸಣ್ಣ ವೈರುಗಳಲ್ಲಿ ದಾರಿ ಹುಡುಕುತ್ತದೆ.

ಈ ಕಸುಬಿನ ಸ್ವಾರಸ್ಯವೆಲ್ಲ ಇರುವುದು ಬಲ್ಬಿನಲ್ಲಿ. ಹಳೆಯ ಇಂಡಿಕೇಟರಿನ ಹೋಲ್ಡರು, ಅದರಲ್ಲಿ 24 ವೋಲ್ಟಿನ 21 ವ್ಯಾಟ್ ಬಲ್ಬು, ಎರಡು ಮಾರು ವೈರು, ಒಂದು ತುದಿಗೆ ಮೊಸಳೆ ಕ್ಲಿಪ್ಪು, ಇನ್ನೊಂದಕ್ಕೆ ಗೋಣಿ ಹೊಲಿಯುವ ದಬ್ಬಣ. ಇಷ್ಟೇ ಉಪಕರಣ. ಸಾವಿರಾರು ರೂಪಾಯಿಯ ಡಿಜಿಟಲ್ ಮೀಟರ್ ಸುಳ್ಳು ಹೇಳುವ ಜಾಗದಲ್ಲಿ ಇದು ನಿಜ ಹೇಳುತ್ತದೆ. ಕಾರಣ ಸರಳ. ಡಿಜಿಟಲ್ ಮೀಟರು ವೈರಿನಿಂದ ಕರೆಂಟ್ ಎಳೆಯುವುದೇ ಇಲ್ಲವೆನ್ನಬಹುದು. ಅದರ ಒಳತಡೆ ಸಾಮಾನ್ಯವಾಗಿ ಒಂದು ಕೋಟಿ ಓಮ್. ಹಲವು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೂ ಪರದೆಯ ಮೇಲೆ 24 ಎಂದೇ ಬರುತ್ತದೆ. 21 ವ್ಯಾಟಿನ ಬಲ್ಬು ಮುಕ್ಕಾಲಿಗಿಂತ ತುಸು ಹೆಚ್ಚು, 0.87 ಆಂಪಿಯರ್ ಎಳೆಯುತ್ತದೆ. ಉರಿಯುವಾಗ ಅದರ ತಡೆ ಸುಮಾರು 27 ಓಮ್. ದಾರಿಯಲ್ಲೆಲ್ಲೋ ಕಿಲುಬಿನಿಂದ 5 ಓಮ್ ಕೂಡಿಕೊಂಡರೆ ಮೂರೂವರೆ ವೋಲ್ಟಿನಷ್ಟು ಅಲ್ಲೇ ಸೋರಿಹೋಗಿ ಬಲ್ಬು ಮಂಕಾಗುತ್ತದೆ. ಸೊಲೆನಾಯ್ಡೂ ಕರೆಂಟ್ ಎಳೆದು ಕೆಲಸ ಮಾಡುವ ಸಾಮಾನೇ. ಬಲ್ಬಿಗೆ ಸಾಲದ ವೈರು ಅದಕ್ಕೂ ಸಾಲದು. ಬೆಳಕಿನ ಬಣ್ಣ ನೋಡಿಯೇ ಎಷ್ಟು ವೋಲ್ಟ್ ಕಡಿಮೆ ಎಂದು ಹೇಳುವ ಹಳೆಯ ಕೈಗಳಿವೆ. ಉರಿಯುತ್ತಿರುವ ಬಲ್ಬನ್ನು ಎದುರಿಗಿಟ್ಟುಕೊಂಡು ಹಾರ್ನೆಸ್ಸನ್ನು, ಅಂದರೆ ವೈರಿನ ಕಂತೆಯನ್ನು, ಗೇಣು ಗೇಣಾಗಿ ಅಲುಗಿಸುತ್ತ ಹೋದರೆ ಯಾವ ಕ್ಲಿಪ್ಪಿನ ಬಳಿ ಬೆಳಕು ಮಿಟುಕಿತೋ ಅಲ್ಲಿಯೇ ರೋಗ.

ಆದರೆ ಬಲ್ಬಿಗೂ ಹದ್ದು ಇದೆ. ಫ್ಯೂಸಿನಿಂದ ಬರುವ ಪವರ್ ಲೈನಿಗೆ, ಅರ್ಥಿಗೆ ಮಾತ್ರ ಅದು ಸಲ್ಲುತ್ತದೆ. ಸೆನ್ಸರಿನ ವೈರಿಗೆ ಚುಚ್ಚಿದರೆ ಅಷ್ಟು ಕರೆಂಟ್ ತಾಳಲಾರದೆ ಕಂಪ್ಯೂಟರಿನ ಒಳಗಿನ ಬಿಡಿಭಾಗ ಸುಡಬಹುದು. ಜತೆಗೆ ದಬ್ಬಣದ ತೂತನ್ನು ಮುಚ್ಚದೆ ಬಿಟ್ಟರೆ ಮುಂದಿನ ಮಳೆಗಾಲದಲ್ಲಿ ನೀರಿಳಿದು ಅಲ್ಲೇ ಕಿಲುಬು ಹುಟ್ಟುತ್ತದೆ. ಇವತ್ತಿನ ತೂತು ನಾಳಿನ ಗಿರಾಕಿ ಎಂದು ಶೆಡ್ಡಿನಲ್ಲಿ ನಗುವುದುಂಟು, ನಗುವ ಮಾತಲ್ಲ.

ಸ್ಕ್ಯಾನರ್ ಹಚ್ಚುವುದು ಇದಾದ ಮೇಲೆ. ಲಾರಿಗಳ ಜೆ-1939 ಪದ್ಧತಿಯಲ್ಲಿ ದೋಷದ ಕೋಡಿಗೆ ಎರಡು ಭಾಗ. ಮೊದಲನೆಯದು ಯಾವ ಅಂಗ ಎಂದು ಹೇಳುತ್ತದೆ. 191 ಎಂದರೆ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ವೇಗ. ಎರಡನೆಯದು ರೋಗದ ಬಗೆ ತಿಳಿಸುತ್ತದೆ: 3 ಬಂದರೆ ವೋಲ್ಟೇಜ್ ಹೆಚ್ಚು, 4 ಬಂದರೆ ಕಡಿಮೆ, 5 ಬಂದರೆ ವೈರ್ ಕಡಿದಿರಬಹುದು, 6 ಬಂದರೆ ಅರ್ಥಿಗೆ ತಾಗಿರಬಹುದು. 191ರ ಜತೆ 5 ಕಂಡೊಡನೆ ಹೊಸ ಸೆನ್ಸರ್ ತರಿಸುವುದು ದುಡ್ಡಿನ ದಂಡ. ಸೆನ್ಸರಿನಿಂದ ಕಂಪ್ಯೂಟರಿನವರೆಗಿನ ವೈರು ನೋಡಿದ ಮೇಲೆ ಆ ಮಾತು.

ಕಂಪ್ಯೂಟರುಗಳು ತಮ್ಮೊಳಗೆ ಮಾತಾಡುವುದು ಕ್ಯಾನ್ ಎಂಬ, ಒಂದಕ್ಕೊಂದು ಹೊಸೆದ ಜೋಡಿ ವೈರಿನ ಮೇಲೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಲೋಕದ ಮುಂದಿಟ್ಟ ಪದ್ಧತಿ ಇದು. ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ ಬ್ಯಾಟರಿ ಬಿಚ್ಚಿ ಅಳೆದಾಗ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ವೈರು ಶಾರ್ಟ್. ಇಲ್ಲಿ ಮೀಟರೇ ಬೇಕು, ಬಲ್ಬು ನಡೆಯುವುದಿಲ್ಲ.

ಎಎಂಟಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾದರೂ ಇದೇ ಲಕ್ಷಣ ಕಾಣುತ್ತದೆ ಎಂಬುದನ್ನು ಮರೆಯಬಾರದು. ಕ್ಲಚ್ ಪ್ಲೇಟ್ ಬದಲಿಸಿದ ಮೇಲೆ ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಹೊಸ ಅಳತೆ ಕಲಿಸದಿದ್ದರೂ ಅಷ್ಟೇ.

ಈ ಸೀಮೆಯಲ್ಲಿ ವೈರು ಕೆಡಲು ಕಾರಣಗಳಿಗೆ ಕೊರತೆಯಿಲ್ಲ. ಕಬ್ಬಿನ ಸಾಲಿನಲ್ಲಿ ರಾತ್ರಿಯೆಲ್ಲ ನಿಂತ ಗಾಡಿಗೆ ಇಲಿಯ ಕಾಟ. ಎರೆಮಣ್ಣು ಕನೆಕ್ಟರಿಗೆ ಮೆತ್ತಿಕೊಂಡರೆ ತೇವ ಬೇಗ ಬಿಡುವುದಿಲ್ಲ. ಅದನ್ನು ತೊಳೆಯಲು ಪಂಪಿನ ನೀರು ನೇರ ಹಾರ್ನೆಸ್ಸಿಗೆ. ಎಲ್ಲಕ್ಕಿಂತ ದೊಡ್ಡದು ಬಾಡಿಯ ವೆಲ್ಡಿಂಗ್. ಬ್ಯಾಟರಿ ಬಿಚ್ಚದೆ, ವೆಲ್ಡಿಂಗಿನ ಅರ್ಥನ್ನು ಕೆಲಸದ ಜಾಗದ ಪಕ್ಕದಲ್ಲೇ ಹಿಡಿಸದೆ ಕಿಡಿ ಹಾರಿಸಿದರೆ ಕಂಪ್ಯೂಟರೇ ಸತ್ತುಹೋಗಬಹುದು.

ರಸ್ತೆ ಬದಿಯ ಮಿಸ್ತ್ರಿಗೆ ಕೈಯಿದೆ, ನಕ್ಷೆಯಿಲ್ಲ. ಯಾವ ಪಿನ್ನಿನಲ್ಲಿ ಯಾವ ವೈರು ಎಂಬ ಚಿತ್ರ, ಕಂಪ್ಯೂಟರಿಗೆ ಅಳತೆ ಕಲಿಸುವ ಸಾಫ್ಟ್‌ವೇರು ಹೆಚ್ಚಾಗಿ ಕಂಪನಿಯ ಡೀಲರುಗಳ ಬಳಿಯೇ ಉಳಿದಿವೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ತೆರೆದ ‘ರಿಪೇರಿಯ ಹಕ್ಕು’ ಪೋರ್ಟಲ್ಲಿನಲ್ಲಿ ವಾಹನಗಳೂ ಸೇರಿವೆ. ಐಟಿಐಗಳಲ್ಲಿ ವಾಹನ ವಿದ್ಯುತ್ತಿನ ಕಸುಬಿಗೇ ಪ್ರತ್ಯೇಕ ವಿಭಾಗವೂ ಇದೆ. ಹತ್ತನೆಯ ಕ್ಲಾಸು ದಾಟದೆ ಶೆಡ್ಡಿಗೆ ಬಂದ ಹುಡುಗನಿಗೆ ಎರಡೂ ದೂರ. ಅವನ ಗುರು ಬಲ್ಬು ಹಿಡಿಯುವುದನ್ನು ಕಲಿಸಬಲ್ಲ. ಕೋಡು ಓದುವುದನ್ನು ಕಲಿಸಲು ಕನ್ನಡದಲ್ಲಿ ಒಂದು ಕೈಪಿಡಿ, ತಾಲೂಕಿಗೊಂದು ಸಂಜೆಯ ತರಗತಿ ಬೇಕು. ಇಂಡಿ, ಸಿಂದಗಿಯ ಲಾರಿ ಮಾಲೀಕರು ಕೂಡಿ ಕೇಳಿದರೆ ಇದು ಆಗದ ಕೆಲಸವೇನಲ್ಲ. ಅಲ್ಲಿಯವರೆಗೆ ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮುನ್ನ ಬ್ಯಾಟರಿ, ಅರ್ಥ್, ಕೋಡು ಮೂರನ್ನೂ ನೋಡಿದಿರಾ ಎಂದು ಮಾಲೀಕರು ಕೇಳಲಿ, ಕಂಡ ಅಂಕಿಗಳನ್ನು ಬರೆಸಿಕೊಳ್ಳಲಿ.