ಎರಡು ದಿನಕ್ಕೆ ಮನೆ ಸೇರಿದ ವೃದ್ಧರು

ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಕೆಲವು ಸಣ್ಣ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಗಿಳಿಸಿ ನಡೆಸುವ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯು 1990ರ ದಶಕದ ಆರಂಭದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಬಳಕೆಯಾಗತೊಡಗಿದಾಗ, ತೀರಾ ವಯಸ್ಸಾದವರಿಗೆ ಅದು ಒಗ್ಗೀತೇ ಎಂಬ ಅಳುಕು ಸಹಜವಾಗಿಯೇ ಇತ್ತು. ಒಳಗಿನ ಅಂಗಗಳು ಕಾಣಬೇಕಾದರೆ ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸಬೇಕು; ಆ ಒತ್ತಡಕ್ಕೆ ಎದೆ ಮತ್ತು ಹೊಟ್ಟೆಯ ನಡುವಣ ವಪೆ ಮೇಲಕ್ಕೆ ಸರಿದು ಶ್ವಾಸಕೋಶಗಳು ಪೂರ್ತಿ ಹಿಗ್ಗಲಾರವು, ಹೃದಯಕ್ಕೆ ಮರಳುವ ರಕ್ತವೂ ತಗ್ಗಬಹುದು. ರಂಧ್ರಗಳ ಜಾಗದಲ್ಲೇ ಕ್ಯಾನ್ಸರ್ ಮತ್ತೆ ತಲೆಯೆತ್ತಿದ ವರದಿಗಳು ಬೇರೊಂದು ಭಯ ಹುಟ್ಟಿಸಿದ್ದವು. 872 ರೋಗಿಗಳ ಅಮೆರಿಕದ ಅಧ್ಯಯನವು 2004ರಲ್ಲಿ ಪ್ರಕಟವಾದ ಮೇಲೆ ಆ ಭಯ ಬಹುಮಟ್ಟಿಗೆ ಕರಗಿತು.

ಈ ಚರಿತ್ರೆಯಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದ, ಆದರೆ ಕ್ಯಾಮೆರಾದ ಪ್ರಭೆಯಲ್ಲಿ ಮಸುಕಾದ ಪ್ರಸಂಗ ನಡೆದದ್ದು ಡೆನ್ಮಾರ್ಕಿನ ಕೋಪನ್‌ಹೇಗನ್ ಬಳಿಯ ಹ್ವಿಡೋವ್ರೆ ಆಸ್ಪತ್ರೆಯಲ್ಲಿ. ಅಲ್ಲಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ ಮತ್ತು ಸಂಗಡಿಗರು, ಅಪಾಯ ಹೆಚ್ಚೆಂದು ಎಣಿಸಲಾಗಿದ್ದ ಬೆರಳೆಣಿಕೆಯ ವೃದ್ಧರಿಗೆ ಲ್ಯಾಪರೋಸ್ಕೋಪಿಯಿಂದ ಕರುಳಿನ ಭಾಗವನ್ನು ಕತ್ತರಿಸಿ ತೆಗೆದು, ಅವರನ್ನು ಎರಡು ದಿನಕ್ಕೇ ಮನೆಗೆ ಕಳುಹಿಸಿದ್ದನ್ನು 1995ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ವಾಯು ಸರಿಯುವವರೆಗೆ ಬಾಯಿಗೆ ಏನನ್ನೂ ಕೊಡದೆ, ಮೂಗಿನಲ್ಲಿ ನಳಿಕೆ ಇರಿಸಿ, ದಿನಗಟ್ಟಲೆ ಮಲಗಿಸುವುದೇ ರೂಢಿಯಾಗಿದ್ದ ಕಾಲವದು. ಕೆಲೆಟ್ ಆ ರೂಢಿಯ ಪ್ರತಿಯೊಂದು ಅಂಶವನ್ನೂ ಪ್ರಶ್ನಿಸಿದರು. ಕರುಳನ್ನು ಜಡಗೊಳಿಸುವ ಮಾರ್ಫಿನ್‌ನಂಥ ಔಷಧಗಳ ಬಳಕೆ ತಗ್ಗಲೆಂದು ಎಪಿಡ್ಯೂರಲ್, ಅಂದರೆ ಬೆನ್ನುಹುರಿಯ ಹೊರಪೊರೆಯ ಸುತ್ತಲಿನ ಜಾಗಕ್ಕೆ ಸಣ್ಣ ನಳಿಕೆಯ ಮೂಲಕ ಅರಿವಳಿಕೆ ಹರಿಸುವ ವಿಧಾನವನ್ನು ಅನುಸರಿಸಲಾಯಿತು. ನೋವು ತಗ್ಗಿದ್ದರಿಂದ ರೋಗಿಗಳು ಬೇಗ ಎದ್ದು ನಡೆದರು, ಬೇಗ ಉಂಡರು. ಮಲಗಿದಷ್ಟೂ ಸ್ನಾಯು ಸೊರಗಿ, ಎದೆಯಲ್ಲಿ ಕಫ ಕಟ್ಟಿ, ಬುದ್ಧಿ ಮಂಕಾಗುವ ಇಳಿವಯಸ್ಸಿನಲ್ಲಿ ಈ ಆರೈಕೆಯ ಬೆಲೆ ದೊಡ್ಡದು.

ಹಾಗಾದರೆ ಚೇತರಿಕೆಯ ಶ್ರೇಯ ರಂಧ್ರಕ್ಕೆ ಸಲ್ಲಬೇಕೇ, ಆರೈಕೆಗೆ ಸಲ್ಲಬೇಕೇ? ಇದನ್ನು ಒರೆಹಚ್ಚಲು ಅದೇ ಬಳಗವು ಅರುವತ್ತು ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಟ್ಟೆ ತೆರೆದು, ಇನ್ನೊಂದಕ್ಕೆ ಲ್ಯಾಪರೋಸ್ಕೋಪಿಯಿಂದ ಶಸ್ತ್ರಚಿಕಿತ್ಸೆ ನಡೆಸಿ, ಎರಡಕ್ಕೂ ಒಂದೇ ಬಗೆಯ ಆರೈಕೆ ನೀಡಿತು. ಯಾರಿಗೆ ಯಾವ ವಿಧಾನವೆಂಬುದು ರೋಗಿಗೂ ಪರೀಕ್ಷಕರಿಗೂ ತಿಳಿಯದಂತೆ ಎಲ್ಲರ ಹೊಟ್ಟೆಯನ್ನೂ ದೊಡ್ಡ ಅಪಾರದರ್ಶಕ ಪಟ್ಟಿಯಿಂದ ಮುಚ್ಚಲಾಯಿತು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಚೇತರಿಕೆಯ ವೇಗ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ನೆದರ್ಲೆಂಡ್ಸಿನ ಒಂಬತ್ತು ಆಸ್ಪತ್ರೆಗಳ 2011ರ ಅಧ್ಯಯನವು ಇದನ್ನು ತುಸು ತಿದ್ದಿ, ಲ್ಯಾಪರೋಸ್ಕೋಪಿ ಮತ್ತು ಇಂಥ ಆರೈಕೆ ಜೊತೆಗೂಡಿದಾಗ ಆಸ್ಪತ್ರೆವಾಸ ಅತಿ ಕಡಿಮೆಯೆಂದು ತೋರಿಸಿತು.

ಖೇದದ ಸಂಗತಿಯೆಂದರೆ, ಆ ಅಧ್ಯಯನದ ವಯೋಮಿತಿ ಎಂಬತ್ತಕ್ಕೆ ನಿಂತಿತು. ಸಾವಿರಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ ಜಪಾನಿನ ದೊಡ್ಡ ಅಧ್ಯಯನವಂತೂ ಎಪ್ಪತ್ತೈದಕ್ಕೇ ಗೆರೆ ಎಳೆಯಿತು. ವಯಸ್ಸಾದಂತೆ ಹೆಚ್ಚುವ ರೋಗವೊಂದರ ಪರೀಕ್ಷೆಯಿಂದ ಅತಿ ವಯಸ್ಸಾದವರನ್ನೇ ಹೊರಗಿಟ್ಟದ್ದು ಸಣ್ಣ ಲೋಪವಲ್ಲ. ಹೀಗಾಗಿ ಎಂಬತ್ತು, ತೊಂಬತ್ತರವರ ಬಗೆಗಿನ ತಿಳಿವಳಿಕೆ ಹೆಚ್ಚಾಗಿ ಆಸ್ಪತ್ರೆಗಳ ಹಳೆಯ ದಾಖಲೆಗಳನ್ನು ಹೋಲಿಸಿ ಪಡೆದದ್ದು. ಲ್ಯಾಪರೋಸ್ಕೋಪಿಯಾದವರಲ್ಲಿ ತೊಡಕುಗಳು ಕಡಿಮೆಯೆಂದು ಅಂಥ ಹಲವು ಹೋಲಿಕೆಗಳು ಹೇಳುತ್ತವೆ. ಆದರೆ ಗಟ್ಟಿಮುಟ್ಟಾದ ಮುದುಕರನ್ನು ಆ ವಿಧಾನಕ್ಕೆ ಆರಿಸಿ, ಕರುಳು ಕಟ್ಟಿಕೊಂಡು ತುರ್ತಾಗಿ ಬಂದವರ ಹೊಟ್ಟೆಯನ್ನು ತೆರೆದಿರುವ ಸಾಧ್ಯತೆಯನ್ನು ಅವು ಪೂರ್ತಿಯಾಗಿ ತಳ್ಳಿಹಾಕಲಾರವು.